ಏಳು ಸಲ ತೊಳೆದ ಬೂದಿ

ಶ್ರದ್ಧಾಂಜಲಿ ಸಭೆ ಹದಿನೈದು ನಿಮಿಷ ನಡೆಯಿತು. ಅದರಲ್ಲಿ ಎರಡು ನಿಮಿಷ ಮೌನ. ಐದು ನಿಮಿಷ ಮೈಕು ಕೈಕೊಟ್ಟಿದ್ದರಿಂದ ಒದಗಿಬಂದ ಹೆಚ್ಚುವರಿ ಮೌನ. ಉಳಿದ ಹೊತ್ತಿನಲ್ಲಿ ವಿಭಾಗದ ಈಗಿನ ಮುಖ್ಯಸ್ಥರು, ಅಗಲಿದ ವಿಜ್ಞಾನಿಗಳು ಬೂದಿಯಿಂದ ಬೆಳಕು ತೆಗೆದವರು ಎಂದರು. ಮುಂದಿನ ಸಾಲಿನವರು ತಲೆಯಾಡಿಸಿದರು. ಆ ಬೆಳಕಿಗೆ ಆಮೇಲೆ ಏನಾಯಿತು ಎಂದು ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಸಭೆಗೂ ಒಂದು ಮರ್ಯಾದೆ ಇರುತ್ತದೆ.

"ನೀವು ಅವರ ಜೋಡಿ ಇಪ್ಪತ್ತು ವರ್ಷ ಇದ್ದವರು. ಎರಡು ಮಾತು ಆಡ್ರಿ," ಎಂದು ನನ್ನನ್ನೂ ಕರೆದರು. ಗಂಟಲು ಕಟ್ಟಿದೆ ಎಂದು ಕೈಸನ್ನೆ ಮಾಡಿದೆ. ಜನ ಅದನ್ನು ದುಃಖ ಎಂದು ತಿಳಿದುಕೊಂಡರು. ಸುಳ್ಳನ್ನು ನಾನು ಬರೆಯಬಲ್ಲೆ ಎಂದು ಮೊದಲೇ ಗೊತ್ತಿತ್ತು. ಸನ್ನೆಯಲ್ಲೂ ಹೇಳಬಲ್ಲೆ ಎಂಬುದು ಅವತ್ತು ತಿಳಿಯಿತು.

ನಾನು ಬಳ್ಳಾರಿಯಲ್ಲಿ ಅವರ ಪ್ರಯೋಗಾಲಯದ ಸಹಾಯಕನಾಗಿದ್ದೆ. ಗಾಜು ತೊಳೆಯುವುದು, ಬೂದಿ ತೊಳೆಯುವುದು, ತೊಳೆದೆ ಎಂದು ಪುಸ್ತಕದಲ್ಲಿ ಬರೆಯುವುದು. ವಿಜ್ಞಾನಕ್ಕೆ ನನ್ನ ಕೊಡುಗೆಯೆಲ್ಲ ಈ ತೊಳೆಯುವ ಬಾಬತ್ತಿನದು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಯಾರಾದರೂ ಫೋನಿನಲ್ಲಿ ಹುಡುಕುತ್ತಾರೆ. ಹುಡುಕಿದರೆ ಮೊದಲು ಸಿಗುವುದು, ಅವರು ತಾವಾಗಿ ಹಿಂದಕ್ಕೆ ಪಡೆದ ಆ ಒಂದು ಲೇಖನ. ಮನುಷ್ಯನನ್ನು ಆ ಬಾಗಿಲಿನಿಂದ ಪರಿಚಯ ಮಾಡಿಕೊಳ್ಳುವುದು ನನಗೆ ಬೇಡ.

ಆಳು ಎತ್ತರ, ತುಸು ಮುಂದಕ್ಕೆ ಬಾಗಿದ ಬೆನ್ನು. ಬಳ್ಳಾರಿಯ ಬಿಸಿಲಿನಲ್ಲಿ ಬುದ್ಧಿವಂತರು ಹಾಕುವಂತೆ ಬಿಳಿ ಅಂಗಿಯನ್ನೇ ಹಾಕುತ್ತಿದ್ದರು. ಆದರೆ ಹನ್ನೊಂದು ಗಂಟೆಯ ಒಳಗೆ ಆ ಅಂಗಿಯ ತೋಳು ರೈಲ್ವೆ ಇಂಜಿನ್ನಿನವನದಾಗಿರುತ್ತಿತ್ತು. ಬೆರಳ ತುದಿಗಳ ಕಪ್ಪು ಅವರ ಮದುವೆಯ ಫೋಟೋದಲ್ಲೂ ಇದೆ ಎಂದು ಅವರ ಹೆಂಡತಿ ಹೇಳುತ್ತಿದ್ದರು. ಚಿಟಿಕೆ ಬೂದಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ, ಕಿವಿಯ ಹತ್ತಿರ ಹಿಡಿದು, "ಇದು ಹೊಳಿ ಕಡಿ ಗಿರಣಿದು. ಬಾಯ್ಲರ್ ಆತುರದಾಗ ಐತಿ," ಎನ್ನುತ್ತಿದ್ದರು. ಒಮ್ಮೆಯಾದರೂ ತಪ್ಪಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಸಿರುಗುಪ್ಪದ ಅಕ್ಕಿ ಗಿರಣಿಗಳ ಬಾಯ್ಲರಿನಿಂದ ಬೀಳುವ, ಅರ್ಧ ಸುಟ್ಟ ಭತ್ತದ ಹೊಟ್ಟಿನ ಕರಿಬೂದಿಯೇ ಅವರ ಕಚ್ಚಾ ಮಾಲು. ಅದರಲ್ಲಿರುವ ಮರಳಿನ ಅಂಶವನ್ನು ಕ್ಷಾರದಲ್ಲಿ ಕರಗಿಸಿ ತೆಗೆದು, ಏಳು ಸಲ ತೊಳೆದು, ಗಾಳಿ ಕೊಡದೆ ಮತ್ತೊಮ್ಮೆ ಕುಲುಮೆಗೆ ಇಟ್ಟರೆ, ಕಣ್ಣಿಗೆ ಕಾಣದ ತೂತುಗಳಿರುವ ಇದ್ದಿಲು ಸಿಗುತ್ತದೆ. ಆ ತೂತುಗಳಲ್ಲಿ ವಿದ್ಯುತ್ತು ಬಂದು ಕೂರುತ್ತದೆ, ಕರೆದಾಗ ಎದ್ದು ಹೋಗುತ್ತದೆ. ಬ್ಯಾಟರಿಯ ಚುರುಕು ತಮ್ಮ ಎನ್ನಬಹುದಾದ ಸೂಪರ್ ಕೆಪಾಸಿಟರ್ ಎಂಬ ಸಾಧನ ಅದು. ಒಬ್ಬ ಗಿರಣಿ ಮಾಲೀಕರಿಗೆ ಇದನ್ನು ಅವರು ವಿವರಿಸಿದ್ದು ನನ್ನೆದುರೇ:

"ನಿಮ್ಮ ಗೋಡೌನು ಅಂತ ತಿಳೀರಿ. ಖಾನಿ ಎಷ್ಟು ಹೆಚ್ಚೋ ಮಾಲು ಅಷ್ಟು ಹಿಡೀತದ. ಇಲ್ಲಿ ಮಾಲು ಅಂದ್ರ ಕರೆಂಟು."

ಮಾಲೀಕರು ಬಹಳ ಹೊತ್ತು ಯೋಚನೆ ಮಾಡಿ, "ನಮ್ಮ ಬೂದ್ಯಾಗ ಇಷ್ಟು ಜಾಗ ಇತ್ತೇನ್ರಿ! ನಾವು ಸುಮ್ನ ರೋಡಿಗೆ ಸುರೀತಿದ್ವಿ," ಎಂದು, ಇನ್ನೆರಡು ಚೀಲ ತುಂಬಿಸಿಕೊಟ್ಟರು.

ಚೀಲಗಳು ಬಸ್ಸಿನಲ್ಲಿ ಬರುತ್ತಿದ್ದವು. ಸಂಸ್ಥೆಗೆ ಜೀಪು ಇತ್ತು, ಆದರೆ ಅದು ಇನ್ನೂ ಹೆಚ್ಚಿನ ವಿಜ್ಞಾನಕ್ಕೆ ಮೀಸಲು. ಒಂದು ಸಲ ಕಂಡಕ್ಟರ್ ಕಾಲಲ್ಲಿ ಚೀಲ ತಿವಿದು, "ಏನೈತ್ರಿ ಇದರಾಗ?" ಎಂದ.

"ಬೂದಿ."

ಕಂಡಕ್ಟರ್ ಕಾಲು ಹಿಂದೆ ತೆಗೆದ. ಟೊಪ್ಪಿಗೆಯನ್ನೂ ತೆಗೆದ. "ಯಾರದ್ರಿ?" ಎಂದ, ದನಿ ಇಳಿಸಿ.

"ಸೋನಾ ಮಸೂರಿದು," ಎಂದರು ಇವರು, ಅಷ್ಟೇ ಗೌರವದಿಂದ.

"ಹಂಗಾದ್ರ ಲಗೇಜ್ ಆಗ್ತದ ಬಿಡ್ರಿ," ಎಂದು ಆತ ಟೊಪ್ಪಿಗೆ ಹಾಕಿಕೊಂಡ.

ಕುರುಗೋಡಿನಲ್ಲಿದ್ದ ಅವರ ತಾಯಿ ಮೂರು ಬೆರಳಿನ ವಿಭೂತಿ ಇಲ್ಲದೆ ನೀರು ಮುಟ್ಟಿದವರಲ್ಲ. ಮಗ ಏನು ಕೆಲಸ ಮಾಡುತ್ತಾನೆ ಎಂದು ಕೇಳಿದವರಿಗೆ ಆಕೆಯ ಉತ್ತರ ಒಂದೇ: "ನಾವು ಬೂದಿ ಹಣಿಗೆ ಹಚ್ಚಿಕೊಂತೀವಿ. ಇವ ತಂತಿಗೆ ಹಚ್ಚತಾನ. ಶಿವಗ ಎರಡೂ ಗೊತ್ತಾಗ್ತಾವ." ವಿಭಾಗದ ವಾರ್ಷಿಕ ವರದಿಯಲ್ಲಿ ಇಪ್ಪತ್ತು ವರ್ಷದಲ್ಲಿ ಇದಕ್ಕಿಂತ ಸ್ಪಷ್ಟವಾದ ವಾಕ್ಯ ಬಂದಿಲ್ಲ.

ಈಗ ನೀರಿನ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಬರದೆ ಇದ್ದದ್ದು ಯಾಕೆಂದು ಓದುವವರಿಗೆ ಬೇಗ ತಿಳಿಯುತ್ತದೆ.

ಬೂದಿಯನ್ನು ಏಳು ಸಲವೂ ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆಯಬೇಕು. ಆ ಮೇ ತಿಂಗಳು ನಮ್ಮ ಬಟ್ಟಿ ಇಳಿಸುವ ಯಂತ್ರದ ಕಾಯಿಲ್ ಸುಟ್ಟುಹೋಗಿತ್ತು. ಹೊಸದು ಬೇಕೆಂಬ ನನ್ನ ಅರ್ಜಿ ಆಫೀಸಿನಲ್ಲಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ತೀರ್ಥಯಾತ್ರೆಯಲ್ಲಿತ್ತು. ಇವರು ಸಿರುಗುಪ್ಪಕ್ಕೆ ಹೋಗಿದ್ದರು. ಮರುದಿನ ಬಂದು ಕುಲುಮೆಗೆ ಇಡುವವರು. ನಾನು ಮಧ್ಯಾಹ್ನವೇ ತಂಗಿಯ ಮಗಳ ನಿಶ್ಚಿತಾರ್ಥಕ್ಕೆ ಹೊರಡಬೇಕಿತ್ತು. ಕಟ್ಟಡದ ಹಿಂದೆ ಒಂದು ಬೋರು. ಅದರ ನೀರು ಬಕೀಟಿಗೆ ಸುಣ್ಣ ಹೊಡೆಯುತ್ತಿತ್ತು, ಎರಡು ಅಶೋಕ ಗಿಡ ಒಣಗಿಸಿತ್ತು, ಅದನ್ನು ಕುಡಿದವರು ಯಾರೂ ಇರಲಿಲ್ಲ. ಆ ನೀರಿನಲ್ಲಿ ಬೂದಿಯನ್ನು ಏಳು ಸಲ ತೊಳೆದೆ. ಎಣಿಕೆಯಲ್ಲಿ ಮೋಸವಿಲ್ಲ, ಏಳೇ ಸಲ. ಆಮೇಲೆ ಪುಸ್ತಕ ತೆಗೆದು, 'ಡಿಸ್ಟಿಲ್ಡ್ ವಾಟರಿನಲ್ಲಿ ಏಳು ಸಲ' ಎಂದು ನನ್ನ ದುಂಡು ಅಕ್ಷರದಲ್ಲಿ ಬರೆದೆ. ಮಾಡಿದ್ದನ್ನಲ್ಲ, ಮಾಡಬೇಕಾದದ್ದನ್ನು ಬರೆದೆ. ನಮ್ಮ ಕಡೆಯ ಎಷ್ಟೋ ರಿಜಿಸ್ಟರುಗಳು ಹೀಗೇ ತುಂಬುತ್ತವೆ ಮತ್ತು ಆಕಾಶ ಕಳಚಿ ಬೀಳುವುದಿಲ್ಲ.

ಆ ಬೂದಿಯ ಸರದಿ ನಂಬರು ನಲವತ್ತೊಂದು.

ಆ ಇದ್ದಿಲಿನಿಂದ ಮಾಡಿದ ನಮ್ಮ ಸೆಲ್ಲುಗಳ ಪರೀಕ್ಷೆಗೆ ದೊಡ್ಡ ಯಂತ್ರವೂ ಇತ್ತು, ಒಂದು ಸಣ್ಣ ಕೆಂಪು ದೀಪವೂ ಇತ್ತು. ಯಂತ್ರ ಲೇಖನಕ್ಕೆ, ದೀಪ ನಮ್ಮ ಖುಷಿಗೆ. ಮಾಮೂಲು ಸೆಲ್ಲಾದರೆ ಒಂದು ಲೋಟ ಚಹಾ ಮುಗಿಯುವಷ್ಟು ಹೊತ್ತು ದೀಪ ಉರಿಯುತ್ತಿತ್ತು. ನಲವತ್ತೊಂದರ ಸೆಲ್ಲಿಗೆ ಬೆಳಗ್ಗೆ ಹನ್ನೊಂದಕ್ಕೆ ದೀಪ ಹಚ್ಚಿದೆವು. ಚಹಾ ಮುಗಿಯಿತು. ಊಟದ ಹೊತ್ತಾಯಿತು, ಊಟ ಬಿಟ್ಟೆವು. ಮೂರು ಗಂಟೆಗೆ ಕರೆಂಟು ಹೋಯಿತು. ಇಡೀ ಕಟ್ಟಡದಲ್ಲಿ ಉರಿಯುತ್ತಿದ್ದದ್ದು ಅದೊಂದೇ ದೀಪ. ಇವರು ಸ್ಟೂಲಿನ ಮೇಲೆ ಕೂರಲಿಲ್ಲ. ಮಗು ಮಲಗಿದ ಮನೆಯಲ್ಲಿ ಓಡಾಡುವಂತೆ ಓಡಾಡಿದರು. ಐದಕ್ಕೆ ಜವಾನ ಬೀಗ ಹಿಡಿದು ಬಂದಾಗ ದೀಪ ಮಂಕಾಗಿತ್ತು, ಆರಿರಲಿಲ್ಲ.

"ಲ್ಯಾಬ್ ಸಾಹೇಬ್ರ," ಎಂದರು. ನನ್ನನ್ನು ಹಾಗೇ ಕರೆಯುತ್ತಿದ್ದರು. "ನೀವೂ ನೋಡಿದ್ರಿ ಹೌದಲ್ಲೋ?"

"ನೋಡಿದೆ ಸರ್."

"ಮತ್ತೊಮ್ಮೆ ಹೇಳ್ರಿ."

"ನೋಡಿದೆ ಸರ್."

ಆ ಬೂದಿಯಲ್ಲಿ ಆರು ಸೆಲ್ಲು ಆದವು. ಆರೂ ಹಾಗೇ. ಬೂದಿ ಮುಗಿಯಿತು. ಲೇಖನ ಬಂತು. ಕೊನೆಯಲ್ಲಿ ಕೃತಜ್ಞತೆಯ ಸಾಲಿನಲ್ಲಿ ನನ್ನ ಹೆಸರೂ ಬಂತು. ನಾನು ಬ್ರೂಸ್‌ಪೇಟೆಯಿಂದ ಪೇಡೆ ತಂದು ಓಣಿಯಲ್ಲೆಲ್ಲ ಹಂಚಿದೆ. ನಮ್ಮ ವಂಶದಲ್ಲಿ ಅಚ್ಚಾದ ಮೊದಲ ಹೆಸರು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಹೊರಗಿನವರು ಅದೇ ವಿಧಾನದಲ್ಲಿ ಮಾಡಿ ನೋಡಿದರು, ಬರಲಿಲ್ಲ. ಬಹಳ ಸಭ್ಯವಾಗಿ ಪತ್ರ ಬರೆದರು. ವಿಜ್ಞಾನಿಗಳು ಸಭ್ಯರಾದರೆ ಹೆದರಬೇಕು. ನಾವೂ ಮಾಡಿದೆವು. ಅದೇ ಗಿರಣಿ, ಅದೇ ಭತ್ತ, ಅದೇ ಕುಲುಮೆ. ಆ ಹೊತ್ತಿಗೆ ಹೊಸ ಕಾಯಿಲ್ ಬಂದಿತ್ತು. ನಾನು ಪಶ್ಚಾತ್ತಾಪ ಪಟ್ಟವನಂತೆ ಅತಿ ಶುದ್ಧವಾದ ನೀರಿನಲ್ಲಿ ಏಳಕ್ಕೆ ಎಂಟು ಸಲ ತೊಳೆಯುತ್ತಿದ್ದೆ. ದೀಪ ಚಹಾದ ಹೊತ್ತಿಗೆ ಆರುತ್ತಿತ್ತು. ಎರಡು ವರ್ಷ ಪ್ರಯತ್ನಿಸಿ, ಒಂದು ಬೆಳಗ್ಗೆ ಇವರು ಲೇಖನವನ್ನು ಹಿಂದಕ್ಕೆ ಪಡೆದರು. ಯಾರೂ ಒತ್ತಾಯ ಮಾಡಿರಲಿಲ್ಲ. "ಇನ್ನೊಮ್ಮಿ ಮಾಡಾಕ ಬರಲಿಲ್ಲ ಅಂದ್ರ ಅದು ನಂದಲ್ರಿ," ಎಂದರು. ಆಮೇಲೆ ಆಮಂತ್ರಣಗಳು ನಿಂತವು. ಇಬ್ಬರು ವಿದ್ಯಾರ್ಥಿಗಳು ಆರೋಗ್ಯದ ಕಾರಣ ಕೊಟ್ಟು ಬೇರೆ ಮಾರ್ಗದರ್ಶಕರ ಬಳಿ ಹೋಗಿ ದಷ್ಟಪುಷ್ಟರಾದರು. ಇವರ ಕೋಣೆಯನ್ನು ಶೌಚಾಲಯದ ಪಕ್ಕಕ್ಕೆ ಸರಿಸಿದರು; ನೀರಿನ ಅನುಕೂಲವಿದೆ ಎಂದು ಕಾರಣ ಕೊಟ್ಟರು.

ನಾನೇಕೆ ಬಾಯಿ ಬಿಡಲಿಲ್ಲ? ಮೊದಲು, ನೀರು ಮುಖ್ಯ ಎಂದು ಹೊಳೆಯಲೇ ಇಲ್ಲ. ಕೆಟ್ಟ ನೀರು ಕೆಡಿಸಬಹುದು, ಸುಧಾರಿಸೀತು ಹೇಗೆ? ಆಮೇಲೆ ಹೊಳೆಯಿತು. ಆ ನೀರಿನ ಲವಣಗಳೇ ಬೂದಿಯಲ್ಲಿ ಉಳಿದು, ಕುಲುಮೆಯಲ್ಲಿ ಹೊಸ ತೂತು ಕೊರೆದಿರಬಹುದು ಎಂದು ಹೊಳೆದ ದಿನ, ಸ್ನಾನ ಮಾಡುತ್ತಿದ್ದವನು ತಂಬಿಗೆ ಕೆಳಗಿಟ್ಟೆ. ಆದರೆ ಅಷ್ಟು ಹೊತ್ತಿಗೆ ಪೇಡೆ ಹಂಚಿ ಆಗಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡೆ. ನಾಳೆಗಳು ನಮ್ಮ ಸಂಸ್ಥೆಯಲ್ಲಿ ಧಾರಾಳವಾಗಿ ಸಿಗುತ್ತಿದ್ದವು.

ಹೇಳಿದ್ದು ಸಿರುಗುಪ್ಪದ ಬಸ್ಸಿನಲ್ಲಿ, ಮಟಮಟ ಮಧ್ಯಾಹ್ನ. ಅವರು ಕಿಟಕಿಯಾಚೆ ಭತ್ತದ ಗದ್ದೆ ನೋಡುತ್ತ, "ಒಂದs ಒಂದು ಸಲ ಆ ದೀಪ ಮತ್ತ ನೋಡಿದ್ರ ಸಾಕಿತ್ತು. ಲೇಖನ ಗೀಖನ ಬ್ಯಾಡ," ಎಂದರು. ನಾನು ಕಾಲಡಿಯ ಚೀಲಕ್ಕೆ ಹೇಳುವಂತೆ ಎಲ್ಲವನ್ನೂ ಹೇಳಿದೆ. ಕಾಯಿಲ್, ನಿಶ್ಚಿತಾರ್ಥ, ಬೋರು, ಪುಸ್ತಕ.

ಅವರು ಎರಡು ಸ್ಟಾಪು ಕಿಟಕಿಯಾಚೆಯೇ ನೋಡಿದರು. ಆಮೇಲೆ ಪೂರ್ತಿ ನನ್ನ ಕಡೆ ತಿರುಗಿದರು. ಮುಖದಲ್ಲಿ ಸಿಟ್ಟು ಹುಡುಕಿದೆ. ಅಲ್ಲಿದ್ದದ್ದು ಹಸಿವು.

"ಯಾವ ಬೋರು?"

"ಹಿಂದಿಂದು ಸರ್."

"ಅದು ಬತ್ತೇತಲ್ರಿ?"

"ಹ್ವಾದ ಬ್ಯಾಸಗ್ಯಾಗ, ಸರ್. ಮುಚ್ಚಿ ಮ್ಯಾಲ ಸೈಕಲ್ ಸ್ಟ್ಯಾಂಡ್ ಮಾಡ್ಯಾರ."

"ನೀರಿನ ರುಚಿ ಹೆಂಗಿತ್ತು?"

"ಕುಡಿದಿಲ್ಲ ಸರ್."

"ಯಾರರೆ ಕುಡಿದಾರ?"

"ಯಾರೂ ಕುಡಿದಿಲ್ಲ ಸರ್."

ಆಗ ಅವರು ನಕ್ಕರು. ಜೋರಾಗಿ, ಮುಂದಿನ ಸೀಟಿನ ಹೆಣ್ಣುಮಗಳು ತಿರುಗಿ ನೋಡುವಷ್ಟು. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಆ ನಗೆಗೆ ನನಗೆ ಇನ್ನೂ ಔಷಧಿ ಸಿಕ್ಕಿಲ್ಲ. ಒಂದು ವರ್ಷ ಮೊದಲು ಹೇಳಿದ್ದರೆ ಒಂದು ಕೊಡ ನೀರು ಹಿಡಿದು ಕೊಡುತ್ತಿದ್ದೆ. ಅಷ್ಟೇ ಬೇಕಾಗಿದ್ದದ್ದು. ಒಂದು ಕೊಡ.

ಮರುದಿನ ಪುಸ್ತಕ ತೆಗೆದುಕೊಂಡು ತಿದ್ದಲು ಹೋದೆ. ಅವರು ಅದನ್ನು ಮುಚ್ಚಿದರು. "ನಿಮ್ಮ ರಿಟೈರ್‌ಮೆಂಟ್ ಹತ್ರ ಬಂದೈತಿ. ಈಗ ಬರದ್ರ ನಿಮ್ಮನ್ನ ಸುಮ್ನ ಬಿಡಂಗಿಲ್ಲ. ನೀರು ಸಿಗಲಿ, ದೀಪ ಹತ್ತಲಿ. ಆಮ್ಯಾಲ ಇಬ್ರೂ ಕೂಡಿ ಬರಿಯೋಣ."

ಅಂದಿನಿಂದ ಅವರು ನೀರು ಹುಡುಕುವವರಾದರು. ಹಳೇ ಬಕೀಟಿನ ಬಿಳಿ ಕರೆ ಕೆರೆದು, ಅದರಲ್ಲಿದ್ದ ಲವಣಗಳನ್ನೆಲ್ಲ ಲೆಕ್ಕ ಹಾಕಿ ಬೆರೆಸಿ ನೋಡಿದರು. ದೀಪ ಊಟದ ಹೊತ್ತಿನವರೆಗೆ ಬಂದು ಆರಿತು. ಅರ್ಧ ಬಂದಿತ್ತು. ಒಂಚೂರೂ ಬರದಿದ್ದರೆ ಮರೆಯಬಹುದಿತ್ತೇನೋ. ಅರ್ಧ ಬಂದದ್ದು ಅವರನ್ನು ಹಿಡಿದುಕೊಂಡಿತು. ನಿವೃತ್ತಿಯಾಗಿ ಕುರುಗೋಡಿಗೆ ಹೋದ ಮೇಲೂ ಹೆಗಲಿಗೆ ಬಾಟಲಿಯ ಚೀಲ ಹಾಕಿಕೊಂಡು ಬಸ್ಸು ಹತ್ತುವುದು ಬಿಡಲಿಲ್ಲ. ಗುಡ್ಡದ ಕೆಳಗಿನ ಬಳ್ಳಾರಿಯ ಓಣಿಗಳು, ಕುರುಗೋಡಿನ ಸುತ್ತಲ ತೋಟಗಳು, ಹೊಳೆ ಕಡೆಯ ಹಳ್ಳಿಗಳು. ಜನ ಅವರನ್ನು ನಗರಸಭೆಯವರೆಂದು ತಿಳಿದು ಬೈದರು, ಬೋರ್ ಪಾಯಿಂಟ್ ತೋರಿಸುವವರೆಂದು ತಿಳಿದು ಚಹಾ ಕೊಟ್ಟರು. ರಾರಾವಿಯಲ್ಲಿ ನಾನೂ ಜೊತೆಗಿದ್ದೆ. ಅಲ್ಲಿಯ ಒಬ್ಬ ಅಜ್ಜಿ, "ಯಪ್ಪಾ, ಇದು ಸವುಳು ನೀರು. ಎಮ್ಮಿ ಸೈತ ಮೂಸಂಗಿಲ್ಲ," ಎಂದು ಕೈಹಿಡಿದಳು.

"ಅಂಥದ್ದs ಬೇಕಬೇ. ಇದಕಿಂತ ಕೆಟ್ಟದ್ದು ಎಲ್ಲಿ ಸಿಗ್ತದ?"

ಅಜ್ಜಿಗೆ ಅವಮಾನವಾಯಿತು. "ಇದಕಿಂತ ಕೆಟ್ಟದ್ದು ಎಲ್ಲೂ ಇಲ್ಲ! ಸುತ್ತ ಹತ್ತು ಹಳ್ಳಿ ತಿರುಗಿ ಬಾ, ನೋಡೋಣು!"

ಅವರು ತಿರುಗಿ ಬಂದರು. ಹತ್ತಲ್ಲ, ಇನ್ನೂ ಹೆಚ್ಚು.

ನಾನು ದೆವ್ವ ನಂಬುವವನಲ್ಲ. ಮೂವತ್ತು ವರ್ಷ ನೌಕರಿ ಮಾಡಿದವನಿಗೆ ಅರ್ಜಿ ಹಾಕದೆ ಯಾರೂ ಎಲ್ಲಿಗೂ ಬರಲಾರರು ಎಂಬ ನಂಬಿಕೆ ಗಟ್ಟಿ. ಆದರೂ ಅವರು ಹೋದ ಮೇಲೆ ಬರುತ್ತಾರೆ. ಕತ್ತಲಿಗಲ್ಲ; ಎರಡು ಗಂಟೆಯ ಬಿಸಿಲಿಗೆ, ಕರೆಂಟು ಹೋಗಿ ಫ್ಯಾನು ನಿಧಾನವಾಗಿ ನಿಲ್ಲುವಾಗ. ನಾನು ಹಿತ್ತಲಲ್ಲಿ ಲೋಟವನ್ನೋ ಕಾಲನ್ನೋ ತೊಳೆಯುತ್ತಿರುತ್ತೇನೆ. ಬೆನ್ನ ಹಿಂದೆ ಬಾಟಲಿಗೆ ಬಾಟಲಿ ತಾಗಿದ ಸದ್ದು. ತಿರುಗಿ ನೋಡುವುದಿಲ್ಲ. ಬೈಗುಳವಿಲ್ಲ, ನಿಟ್ಟುಸಿರಿಲ್ಲ, ಅದೇ ಹಸಿದ ದನಿ: ರುಚಿ ಹೆಂಗಿತ್ತು? ಈಗ ನಾನು ಯಾರ ಮನೆಗೆ ಹೋದರೂ ಹಿತ್ತಲ ನಲ್ಲಿಯ ನೀರನ್ನು ಬೆರಳಿಂದ ನಾಲಿಗೆಗೆ ಹಚ್ಚಿ ನೋಡುತ್ತೇನೆ. ಬೀಗರ ಮನೆಯಲ್ಲೂ ನೋಡಿದೆ. ಅವರು ನನ್ನ ಮಗನನ್ನು ಪಕ್ಕಕ್ಕೆ ಕರೆದು, "ಯಜಮಾನ್ರು ಆರಾಮದಾರಲ್ರಿ?" ಎಂದು ಕೇಳಿದರಂತೆ.

ಶ್ರದ್ಧಾಂಜಲಿ ಸಭೆಯಾದ ಮರುವಾರ ಸರ್ ಅವರ ಹೆಂಡತಿ ಫೋನು ಮಾಡಿದರು. ಆಕೆ ಕುರುಗೋಡಿನ ಶಾಲೆಯಲ್ಲಿ ಅಕ್ಕಾರು, ಅಂದರೆ ಟೀಚರು, ಆಗಿದ್ದವರು. ಊರಿನ ಅರ್ಧ ಜನ ಆಕೆಯ ಕೈಯಲ್ಲಿ ಮಗ್ಗಿ ಕಲಿತವರು. "ಅಣ್ಣಾರ, ಒಂದು ಸಲ ಬಂದು ಹೋಗ್ರಿ," ಎಂದರು. ಹೋದೆ.

ಪಡಸಾಲೆಯ ಗೋಡೆ ತುಂಬ ಬಾಟಲಿ. ಒಂದೊಂದಕ್ಕೂ ಊರಿನ ಹೆಸರಿನ ಚೀಟಿ. ಮೇಜಿನ ಮೇಲೆ ನಮ್ಮ ಹಳೇ ಪುಸ್ತಕ. ನಾನು ಅದರಿಂದ ದೂರದ ಕುರ್ಚಿಯಲ್ಲಿ ಕೂತೆ.

"ಕೊನೀ ತಿಂಗಳು ಅವರಿಗೆ ಒಂದು ಸಂಶಯ ಹತ್ತಿತ್ರಿ," ಎಂದರು ಆಕೆ. "ಆ ದೀಪ ಖರೇನ ಅಷ್ಟು ಹೊತ್ತು ಉರೀತೋ, ನಾನs ಹಂಗ ನೋಡಿದೆನೋ, ಅಂತ. ದಿನಾ ಅದs ಮಾತು. ಲ್ಯಾಬ್ ಸಾಹೇಬ್ರು ಇದ್ರಲ್ಲ, ಫೋನ್ ಹಚ್ಚಿ ಕೇಳ್ರಿ ಅಂದೆ. 'ಬ್ಯಾಡ, ಅವರಿಗೆ ತ್ರಾಸಾಗ್ತದ' ಅಂದ್ರು. ಯಾಕ ತ್ರಾಸು ಅಂತ ನನಗ ತಿಳೀಲಿಲ್ಲ."

ನನಗೆ ತಿಳಿಯಿತು. ಹೆಂಡತಿಗೂ ಹೇಳಿರಲಿಲ್ಲ ಆ ಮನುಷ್ಯ.

"ಈಗ ನಾನು ಕೇಳ್ತೀನಿ. ನೀವು ನೋಡಿದ್ರೋ ಇಲ್ಲೋ?"

"ನೋಡೀನ್ರಿ ಅಕ್ಕಾರ. ಹನ್ನೊಂದರಿಂದ ಐದರ ತನಕ. ಐದಕ್ಕೂ ಆರಿದ್ದಿಲ್ಲ."

ಆಕೆ ಕಣ್ಣು ಮುಚ್ಚಿ ತೆರೆದರು. "ಅವರ ಹತ್ರ ಕಲಿತ ಹುಡುಗಿ ಈಗ ನಿಮ್ಮ ಲ್ಯಾಬಿನಾಗs ಕೆಲಸಕ್ಕ ಅದಾಳ. ಪುಸ್ತಕ ಕೊಡ್ರಿ, ಮತ್ತ ಮಾಡಿ ನೋಡ್ತೀನಿ ಅಂದಾಳ. ಕೊಡೂಕಿಂತ ಮೊದಲು, ನೋಡಿದ್ದು ಹೌದು ಅಂತ ನೀವೊಂದು ಹಾಳಿ ಮ್ಯಾಲ ಬರದುಕೊಡ್ರಿ."

ಹಾಳೆ ಕೊಟ್ಟರು, ಪೆನ್ನು ಕೊಟ್ಟರು. ಒಂದೇ ಸಾಲು ಬರೆದು ಸಹಿ ಹಾಕಿದ್ದರೆ ಆಕೆಗೆ ಅಷ್ಟೇ ಸಾಕಾಗುತ್ತಿತ್ತು. ನನ್ನನ್ನು ದೊಡ್ಡವನೆಂದು ಕೈಮುಗಿದು ಬಸ್ಸಿಗೆ ಕಳಿಸುತ್ತಿದ್ದರು. ಆ ಹುಡುಗಿ ಪುಸ್ತಕ ನೋಡಿಕೊಂಡು ಶುದ್ಧ ನೀರಿನಲ್ಲಿ ಏಳು ಸಲ ತೊಳೆಯುತ್ತಿದ್ದಳು; ಅವಳ ದೀಪವೂ ಚಹಾದ ಹೊತ್ತಿಗೆ ಆರುತ್ತಿತ್ತು.

ಆ ಸಾಲನ್ನು ಬರೆದೆ. ಅದರ ಕೆಳಗೆ ಇನ್ನೂ ಮೂರು ಬರೆದೆ. ಬೂದಿ ತೊಳೆದವನು ನಾನು. ತೊಳೆದದ್ದು ಹಿಂದಿನ ಬೋರಿನ ನೀರಿನಲ್ಲಿ. ಪುಸ್ತಕದಲ್ಲಿ ಇರುವುದು ಸುಳ್ಳು, ಬರೆದವನೂ ನಾನೇ.

ಅಕ್ಕಾರು ಕನ್ನಡಕ ಹಾಕಿಕೊಂಡು, ತಪ್ಪು ಹುಡುಕುವ ಅಭ್ಯಾಸದಲ್ಲಿ ಬೆರಳಿಟ್ಟು ಎರಡು ಸಲ ಓದಿದರು. ಗೋಡೆಯ ಬಾಟಲಿಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದರು.

"ಇದು ಅವರಿಗೆ ಗೊತ್ತಿತ್ತೇನ್ರಿ?"

"ಗೊತ್ತಿತ್ರಿ. ನಾನs ಹೇಳೀನಿ."

"ಯಾವಾಗ?"

"ಬೋರು ಬತ್ತಿದ ಮ್ಯಾಲ."

ಹೊರಗೆ ಯಾರೋ ಟ್ರ್ಯಾಕ್ಟರ್ ಶುರು ಮಾಡಲು ಒದ್ದಾಡುತ್ತಿದ್ದರು. ಅದು ಶುರುವಾಗಿ ದೂರ ಹೋಗುವವರೆಗೂ ಕೂತೇ ಇದ್ದೆವು. ಆಮೇಲೆ ಆಕೆ ಹಾಳೆಯನ್ನು ನನ್ನ ಕಡೆ ಸರಿಸಿದರು.

"ತಾರೀಖು ಹಾಕಿಲ್ಲ ನೀವು."

"ಯಾವ ತಾರೀಖು ಹಾಕಲ್ರಿ ಅಕ್ಕಾರ? ತೊಳೆದದ್ದೋ, ಅವರಿಗೆ ಹೇಳಿದ್ದೋ?"

"ಇವತ್ತಿಂದು ಹಾಕ್ರಿ," ಎಂದರು. "ಎಷ್ಟು ತಡ ಆತು ಅಂತ ಓದಿದವರಿಗೆ ಗೊತ್ತಾಗ್ಲಿ."